ಕೊಡುವವರಿಗೆ ಕೋಣೆಯಿಲ್ಲ

ನನಗೆ ಸಿಟ್ಟು ಬಂದರೆ ನಗು ಬರುತ್ತದೆ. ಹುಟ್ಟುಗುಣ, ಔಷಧವಿಲ್ಲ. ನನ್ನ ಮದುವೆಯ ಮಾತುಕತೆಯಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ಹುಡುಗಿಯ ಬಣ್ಣ ತುಸು ಕಡಿಮೆ ಎಂದಾಗಲೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದೆ. ಅವರು ಅದನ್ನು ನಾಚಿಕೆ ಎಂದುಕೊಂಡು ಹುಡುಗಿ ಒಳ್ಳೆಯವಳು ಎಂದು ಒಪ್ಪಿಬಿಟ್ಟರು. ಹಾಗಾಗಿ, ಮ್ಯಾನೇಜರ್ ಮ್ಯಾಡಮ್ ನನ್ನನ್ನು ಆಫೀಸಿಗೆ ಕರೆದು, ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಬೇಕು ಎಂದು ಹೇಳಿದಾಗ ನಾನು ಕಿಸಕ್ಕನೆ ನಕ್ಕದ್ದು ಸಂತೋಷದಿಂದಲ್ಲ.

“ಇದರಲ್ಲಿ ನಗುವಂಥದ್ದು ಏನಿದೆ?” ಎಂದು ಅವರು ಮರಾಠಿಯಲ್ಲಿ ಕೇಳಿದರು.

“ಏನಿಲ್ಲ ಮ್ಯಾಡಮ್. ಕಾರಣ ಹೇಳಿ.”

“ನೀವು ಅನುಕೂಲಸ್ಥರು. ಬೇರೆಯವರಿಗೆ ಸೀರೆ, ಬಟ್ಟೆ ಹಂಚುವಷ್ಟು ಇರುವವರು. ಈ ಮನೆ ಇರುವುದು ಇಲ್ಲದವರಿಗಾಗಿ. ಕೊಡುವವರಿಗೆ ಇಲ್ಲಿ ಜಾಗ ಕೊಟ್ಟರೆ ಇಲ್ಲದವರು ಎಲ್ಲಿಗೆ ಹೋಗಬೇಕು?”

ಯಾರಪ್ಪಾ ಆ ಶ್ರೀಮಂತಳು ಎಂದು ನಾನು ಹಿಂದೆ ತಿರುಗಿ ನೋಡಿದೆ. ಗೋಡೆ ಮಾತ್ರ ಇತ್ತು. ನಗು ಇನ್ನೂ ಜೋರಾಯಿತು.

ಪುಣೆಯ ಆಸ್ಪತ್ರೆಯೊಂದರ ಹಿಂದಿನ ಗಲ್ಲಿಯಲ್ಲಿದ್ದ ಆ ಮನೆಯನ್ನು ಕಾಯಿಲೆಯ ಮಕ್ಕಳ ಸಂಸಾರಗಳಿಗಾಗಿ ಒಂದು ಧರ್ಮಾರ್ಥ ಸಂಸ್ಥೆ ನಡೆಸುತ್ತಿತ್ತು. ಒಂದು ಸಂಸಾರಕ್ಕೆ ಒಂದು ಕೋಣೆ. ಕೆಳಗೆ ಎಲ್ಲರಿಗೂ ಸೇರಿ ಒಂದು ಅಡುಗೆಮನೆ. ವಾರಕ್ಕೊಮ್ಮೆ ಅಕ್ಕಿ, ಹಿಟ್ಟು, ಬೇಳೆ ಕೊಡುತ್ತಿದ್ದರು. ನನ್ನ ಮಗಳಿಗೆ ಆಗ ಎಂಟು ವರ್ಷ, ರಕ್ತದ ಕ್ಯಾನ್ಸರ್. ಈಗ ಇಷ್ಟು ಸಲೀಸಾಗಿ ಬರೆಯುತ್ತೇನೆ. ಆಗ ಊರಲ್ಲಿದ್ದ ನನ್ನ ಅವ್ವನಿಗೆ ಫೋನಿನಲ್ಲಿ “ರಕ್ತ ಸ್ವಲ್ಪ ಕೆಟ್ಟದ” ಎನ್ನುವುದರಾಚೆ ನನ್ನ ನಾಲಗೆ ಹೊರಳುತ್ತಿರಲಿಲ್ಲ. ನಾವು ವಿಜಯಪುರದ ಕಡೆಯವರು, ಪುಣೆಯ ಹೊರವಲಯದ ದೇಹೂ ರೋಡಿನಲ್ಲಿ ಬಾಡಿಗೆಗಿದ್ದವರು. ನನ್ನ ಗಂಡ ಚಾಕಣದ ಕಡೆ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದರು. ರವಿವಾರ ಲೋಣಾವಳಾ ಲೋಕಲ್ ರೈಲು ಹಿಡಿದು ನಮ್ಮನ್ನು ನೋಡಲು ಬರುತ್ತಿದ್ದರು.

ಕಿಮೋ ಶುರುವಾದಾಗ ಡಾಕ್ಟರು ಒಂದು ಮಾತನ್ನು ಒತ್ತಿ ಹೇಳಿದ್ದರು: ಬಿಳಿ ರಕ್ತಕಣ ಇಳಿದ ಹೊತ್ತಿನಲ್ಲಿ ಜ್ವರ ಬಂದರೆ ಒಂದು ತಾಸಿನೊಳಗೆ ಮಗು ವಾರ್ಡಿನಲ್ಲಿರಬೇಕು, ನೋಡೋಣ ಎಂದು ಮನೆಯಲ್ಲಿ ಕೂರುವ ಹಾಗಿಲ್ಲ. ದೇಹೂ ರೋಡಿನಿಂದ ಒಂದು ತಾಸಿನೊಳಗೆ ಬರಬೇಕೆಂದರೆ ಲೋಕಲ್ ವೇಳೆಗೆ ಸರಿಯಾಗಿ ಬರಬೇಕು, ಮಳೆ ಇರಬಾರದು, ಸ್ಟೇಷನ್ನಿನ ಹೊರಗೆ ರಿಕ್ಷಾದವನು ಹೂಂ ಅನ್ನಬೇಕು. ಮೂರೂ ಒಂದೇ ದಿನ ಕೂಡಿಬಂದದ್ದನ್ನು ನಾನಂತೂ ಕಂಡಿಲ್ಲ. ಆ ಕೋಣೆ ನನಗೆ ಬೇಕಿದ್ದದ್ದು ಆ ಒಂದು ತಾಸಿಗಾಗಿ.

ಇನ್ನು ನನ್ನ ದಾನಶೂರತನದ ಕಥೆ. ನಾವು ಬಂದ ಹೊಸದರಲ್ಲಿ ಪಕ್ಕದ ಕೋಣೆಯಲ್ಲಿ ಯಾದಗಿರಿಯ ಕಡೆಯ ಒಬ್ಬಾಕೆ ಇದ್ದಳು. ಗಂಡ ಹೆಂಡತಿ ಇಬ್ಬರೂ ಕಟ್ಟಡ ಕೆಲಸದವರು. ಅವರ ಮಗನ ಚಿಕಿತ್ಸೆ ಮುಗಿಯಿತು. ಹೊರಡುವ ಮುಂಜಾನೆ ಆಕೆ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮಗನನ್ನು ಹಿಡಿದು ಬಾಗಿಲ ಹತ್ತಿರ ಒಂದು ಕ್ಷಣ ನಿಂತಳು. ಯಾರಾದರೂ ಏನಾದರೂ ಹೇಳಲಿ ಎಂದು ನಿಂತಂತಿತ್ತು. ನಮ್ಮ ಕಡೆ ಹೆಣ್ಣುಮಗಳು ಮನೆಯಿಂದ ಹೊರಟರೆ ಉಡಿ ತುಂಬದೆ ಕಳಿಸುವುದಿಲ್ಲ. ಆಕೆ ಸೆರಗು ಒಡ್ಡುತ್ತಾಳೆ, ಮನೆಯವರು ಅದರಲ್ಲಿ ಅಕ್ಕಿ, ತೆಂಗಿನಕಾಯಿ, ಒಂದು ಜಂಪರ್ ಪೀಸು, ಅಂದರೆ ರವಿಕೆ ಬಟ್ಟೆ, ಹಾಕಿ ಕುಂಕುಮ ಹಚ್ಚುತ್ತಾರೆ. ಹುಣ್ಣಿಮೆಯಂಥ ಮುಖದ ಮಗನನ್ನು ಗೆದ್ದುಕೊಂಡು ಹೋಗುತ್ತಿರುವ ಹೆಂಗಸನ್ನು ಬರಿಗೈಯಲ್ಲಿ ಕಳಿಸುವುದೇ? ನನಗೆ ತಡೆಯಲಾಗಲಿಲ್ಲ.

“ನಿಂದ್ರs ಯವ್ವಾ, ಹಂಗs ಹೊಂಟಿ ಏನು!” ಎಂದು ಕೂಗಿ ಕೋಣೆಗೆ ಓಡಿದೆ.

ನನ್ನ ಚೀಲದ ತಳದಲ್ಲಿ ಒಂದು ಜಂಪರ್ ಪೀಸು ಇತ್ತು. ನಾದಿನಿಯ ಮನೆಯಿಂದ ನನ್ನ ಉಡಿಗೆ ಬಿದ್ದದ್ದು. ಗಿಳಿಹಸಿರು ಬಣ್ಣ, ಅದರ ಮೇಲೆ ಕತ್ತರಿಸಿದ ಬದನೆಕಾಯಿಯಂಥ ಚಿತ್ರ. ಇಂಥ ಜಂಪರ್ ಪೀಸುಗಳನ್ನು ಯಾರೂ ಹೊಲಿಸುವುದಿಲ್ಲ. ಮನೆಯಿಂದ ಮನೆಗೆ ತಿರುಗಾಡಿಕೊಂಡಿರುವುದೇ ಅವುಗಳ ಕೆಲಸ. ಅಡುಗೆಮನೆಯಿಂದ ನನ್ನ ಪಾಲಿನ ಅಕ್ಕಿ ತಂದೆ. ಹಿಂದಿನ ದಿನ ಗುಡಿಯಿಂದ ತಂದ ತೆಂಗಿನಕಾಯಿ ಇತ್ತು. ಬಾಗಿಲ ಒಳಗೇ ನಿಲ್ಲಿಸಿ ಉಡಿ ತುಂಬಿದೆ. ಆಕೆ ಅತ್ತಳು, ನಾನು ಅತ್ತೆ, ಹುಡುಗರು ಯಾಕೋ ಚಪ್ಪಾಳೆ ತಟ್ಟಿದರು.

ಅವರನ್ನು ರಿಕ್ಷಾದವರೆಗೆ ಬಿಡಲು ಹೊರಗೆ ಹೋದೆ. ಕೂತ ಮೇಲೆ ಆಕೆ ಸೆರಗು ಬಿಚ್ಚಿ ಒಂದು ಚಿಟಿಕೆ ಅಕ್ಕಿ ಮಾತ್ರ ಗಂಟು ಹಾಕಿಕೊಂಡು ಉಳಿದದ್ದನ್ನೆಲ್ಲ ನನ್ನ ಕೈಗೇ ಸುರಿದಳು. “ಅಕ್ಕಾ, ಬಸ್ಸಿನ್ಯಾಗ ಇದನ್ನೆಲ್ಲ ಎಲ್ಲಿ ಹೊತ್ಕೊಂಡು ಹೋಗ್ಲಿ? ತುಂಬಿದಿ, ನನಗ ಮುಟ್ಟಿತು. ಮುಂದ ಹೋಗಾಕಿಗೆ ಬೇಕಾಗ್ತದ, ಇಟ್ಕೊ.”

ಅಷ್ಟೇ, ಅದೇ ಪದ್ಧತಿಯಾಯಿತು. ಯಾವ ತಾಯಿ ಮಗುವನ್ನು ಕರೆದುಕೊಂಡು ಮನೆಗೆ ಹೊರಟರೂ ಬಾಗಿಲ ಒಳಗೆ ಉಡಿ, ಗೇಟಿನ ಹೊರಗೆ ವಾಪಸಾತಿ. ಮರಾಠಿಯವರಿಗೆ ಇದು ಗೊತ್ತಿದ್ದದ್ದೇ. ಬಿಹಾರದವಳೊಬ್ಬಳು ನಮ್ಮಲ್ಲೂ ಇದೆ ಎಂದು ಹಾಡೇ ಹೇಳಿದಳು. ಕುಂಕುಮ ಹಚ್ಚದವರಿಗೆ ತಲೆಗೆ ಒಂದೆಳೆ ಮಲ್ಲಿಗೆ ಮುಡಿಸಿದೆವು. ಗಂಡನಿಲ್ಲದ ಅಜ್ಜಿಯೊಬ್ಬರು ಮೊಮ್ಮಗನೊಂದಿಗೆ ಹೊರಟಾಗ ತಾವಾಗಿಯೇ ಗೋಡೆಗೆ ಸರಿದು ನಿಂತಿದ್ದರು. ನಾವು ಅವರನ್ನೂ ಎಳೆದು ತಂದು ಸೆರಗು ಒಡ್ಡಿಸಿದೆವು. ಅವರು ಸೆರಗನ್ನು ಸರಿಯಾಗಿ ಹಿಡಿಯುವಷ್ಟರಲ್ಲಿ ಅಕ್ಕಿ ಅರ್ಧ ನೆಲಕ್ಕೆ ಬಿತ್ತು. ಆ ದಿನ ಯಾರೂ ನಗಲಿಲ್ಲ. ಉಳಿದ ದಿನ ಮಾತ್ರ ಗದ್ದಲವೋ ಗದ್ದಲ. ಒಂದೇ ತೆಂಗಿನಕಾಯಿ ಎಷ್ಟು ಉಡಿ ಸುತ್ತಿ ಬಂದಿತ್ತೆಂದರೆ, ಕೊನೆಗೆ ಒಡೆದಾಗ ಬಂದ ನಾತಕ್ಕೆ ಇಡೀ ಅಡುಗೆಮನೆ ಮೂಗು ಮುಚ್ಚಿಕೊಂಡು ಹೊರಗೆ ಓಡಿತು. ಜಂಪರ್ ಪೀಸಿಗೆ ಮಾತ್ರ ಏನೂ ಆಗಲಿಲ್ಲ.

ನಮಗೆ ತಿಳಿಯದೇ ಇದ್ದದ್ದು ಬಾಗಿಲ ಮೇಲಿನ ಕ್ಯಾಮೆರಾದ ವಿಷಯ. ಅಲ್ಲೊಂದು ಕ್ಯಾಮೆರಾ ಇದೆ ಎಂದು ಗೊತ್ತಿತ್ತು, ಅದನ್ನು ಯಾರಾದರೂ ಕೂತು ನೋಡುತ್ತಾರೆ ಎಂದು ಗೊತ್ತಿರಲಿಲ್ಲ. ಆ ಓಣಿಯಂಥ ಜಾಗದಲ್ಲಿ ಬೆಳಕು ಕಡಿಮೆ, ಹಾಗಾಗಿ ಕ್ಯಾಮೆರಾದ ಕಣ್ಣಿಗೆ ಎಲ್ಲವೂ ಕಪ್ಪು ಬಿಳುಪು. ಅದಕ್ಕೆ ನಾನು ಕೊಡುವುದು ಕಾಣುತ್ತಿತ್ತು. ಗೇಟಿನ ಹೊರಗೆ ರಿಕ್ಷಾದಲ್ಲಿ ವಾಪಸ್ ಬರುವುದು ಕಾಣುತ್ತಿರಲಿಲ್ಲ. ಗಿಳಿಹಸಿರೂ ಕಾಣುತ್ತಿರಲಿಲ್ಲ, ಕಂಡಿದ್ದರೆ ಇದು ಅದೇ ಬಟ್ಟೆ ಎಂದು ಕುರುಡರಿಗೂ ತಿಳಿಯುತ್ತಿತ್ತು. ಮ್ಯಾನೇಜರ್ ಮ್ಯಾಡಮ್ ತಿಂಗಳುಗಟ್ಟಲೆ ನೋಡಿದ್ದು ಇಷ್ಟು: ದೇಹೂ ರೋಡಿನ ಈ ಹೆಂಗಸು ಬಂದ ಬಂದವರಿಗೆಲ್ಲ ಹೊಸ ಬಟ್ಟೆ ಕೊಡುತ್ತಾಳೆ. ಎಲ್ಲಿಂದ ಬರುತ್ತದೆ ಇಷ್ಟು?

ಅಂದು ಆಫೀಸಿನಲ್ಲಿ ನಾನು ಅದೆಲ್ಲ ಒಂದೇ ಬಟ್ಟೆ ಎಂದು ಹೇಳಿದೆ. ನಗುತ್ತಾ ಹೇಳಿದೆ, ಅದೇ ಎಡವಟ್ಟಾಯಿತು. ಅವರು ತಮಾಷೆ ಮಾಡುತ್ತಿದ್ದೇನೆಂದು ತಿಳಿದು ಮುಖ ಗಂಟಿಕ್ಕಿಕೊಂಡರು. ಬೇಕಾದರೆ ಕಮಿಟಿಯ ಎದುರು ಹೇಳಿಕೊಳ್ಳಿ, ಶನಿವಾರ ಬರುತ್ತಾರೆ ಎಂದರು.

“ಬರ್ತೀನಿ,” ಎಂದೆ. ಸಿಟ್ಟಿಗೆ ಕನ್ನಡದಲ್ಲೇ ಹೇಳಿಬಿಟ್ಟಿದ್ದೆ.

ವಿಷಯ ಕೇಳಿ ನನ್ನ ಗಂಡ ರಜೆ ಹಾಕಿ ಶನಿವಾರ ಬೆಳಿಗ್ಗೆಯೇ ಬಂದರು. ಅವರು ಮಿತಭಾಷಿ. ಜಗಳವೆಂದರೆ ರಸ್ತೆ ದಾಟಿ ಆಚೆ ಬದಿಯಿಂದ ಹೋಗುವವರು.

“ತಪ್ಪಾತ್ರಿ ಅಂದ್ಬಿಡು. ಒಂದು ಮಾತಿನಾಗ ಮುಗೀತದ.”

“ಏನ್ ತಪ್ಪು?”

“ಅದು ನನಗೇನ್ ಗೊತ್ತು? ದೊಡ್ಡ ಮಂದಿ ಅಂತಾರಂದ್ರ ಎಲ್ಲೋ ಒಂದ್ ಇರ್ತದ.”

ಮಗಳು ನನ್ನ ಪಕ್ಷ. ಸ್ಟಿರಾಯ್ಡ್ ಗುಳಿಗೆಯಿಂದ ಅವಳ ಮುಖ ಗುಂಡಗಾಗಿತ್ತು, ಹಸಿವು ಹೊತ್ತಿಲ್ಲದ ಹೊತ್ತಿನಲ್ಲಿ ಬರುತ್ತಿತ್ತು, ತಲೆಯಲ್ಲಿ ಒಂದು ಕೂದಲಿರಲಿಲ್ಲ. ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅಪ್ಪನ ಕನ್ನಡಕ ಏರಿಸಿಕೊಂಡು ತಾನೇ ಕಮಿಟಿಯಾದಳು. “ಎಲ್ಲಿ, ನೀವು ಭಾಳ ಶ್ರೀಮಂತರಂತ? ಹಂಗಾದ್ರ ನನಗೊಂದು ವಡಾಪಾವ್ ಕೊಡಸ್ರಿ. ಕೊಡಸ್ಲಿಲ್ಲಂದ್ರ ನೀವು ಬಡವರು, ಕೇಸ್ ಖಲಾಸ್!” ಎಂದು ಚಮಚೆಯಿಂದ ಮಂಚ ಕುಟ್ಟಿದಳು. ನನ್ನ ಗಂಡ ಕೂಡ ನಕ್ಕುಬಿಟ್ಟರು. ಅವರು ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತೋ, ನನಗೆ ಅರ್ಧ ಗೆದ್ದಂತೆಯೇ ಆಯಿತು.

ಕಮಿಟಿಯಲ್ಲಿ ಇಬ್ಬರಿದ್ದರು. ಅಧ್ಯಕ್ಷೆ ಕೋಥರೂಡದಿಂದ ಬರುವ ಎಪ್ಪತ್ತು ದಾಟಿದ ಅಜ್ಜಿ, ನೂಲಿನ ಸೀರೆ, ಬೆಳ್ಳಗಿನ ತುರುಬು. ಇನ್ನೊಬ್ಬರು ಖಜಾಂಚಿ, ಬ್ಯಾಂಕಿನಿಂದ ನಿವೃತ್ತರಾದ ಸಾಹೇಬರು. ಮ್ಯಾನೇಜರ್ ಮ್ಯಾಡಮ್ ಕಂಪ್ಯೂಟರಿನಲ್ಲಿ ಕ್ಯಾಮೆರಾದ ಚಿತ್ರ ಹಾಕಿದರು. ಧ್ವನಿಯಿಲ್ಲದ ಆ ಚಿತ್ರದಲ್ಲಿ ನಾನು ಒಬ್ಬರಾದ ಮೇಲೆ ಒಬ್ಬರಿಗೆ ಬಟ್ಟೆ ಕೊಡುತ್ತಲೇ ಇದ್ದೆ. ಚುನಾವಣೆಗೆ ನಿಂತವಳ ಹಾಗೆ ಕಾಣುತ್ತಿದ್ದೆ. ಹೊಟ್ಟೆಯೊಳಗಿಂದ ನಗು ಒತ್ತಿಕೊಂಡು ಬಂತು. ಕೆಮ್ಮಿದ ಹಾಗೆ ಮಾಡಿದೆ. ಮೂಲೆಯಲ್ಲಿ ಕೂತಿದ್ದ ಮಗಳು ಕೆಮ್ಮುವ ನಾಟಕವನ್ನೂ ಮಾಡದೆ ನಕ್ಕಳು.

“ಇವೆಲ್ಲ ಒಂದೇ ಬಟ್ಟೆ,” ಎಂದು ನಾನು ಜಂಪರ್ ಪೀಸನ್ನು ಮೇಜಿನ ಮೇಲೆ ಹರಡಿದೆ. ಖಜಾಂಚಿಯವರು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿದರು.

“ಒಂದು ತಂದು ತೋರಿಸುವುದು ಯಾರಿಗಾದರೂ ಆಗುತ್ತದೆ,” ಎಂದರು ಮ್ಯಾನೇಜರ್ ಮ್ಯಾಡಮ್. “ಉಳಿದವು ಆ ಹೆಂಗಸರ ಹತ್ತಿರ ಇಲ್ಲ ಎನ್ನುವುದಕ್ಕೆ ಏನು ಖಾತ್ರಿ?”

“ಅವರನ್ನೇ ಕೇಳೋಣ,” ಎಂದು ಯಾದಗಿರಿಯವಳಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಆಕೆ ಎಲ್ಲೋ ಕಟ್ಟಡದ ಮೇಲಿದ್ದಳು, ಹಿಂದೆ ಕಾಂಕ್ರೀಟ್ ಕಲೆಸುವ ಯಂತ್ರದ ಗಡಗಡ. ಉಡಿಯಲ್ಲಿ ಹಾಕಿದ್ದ ಜಂಪರ್ ಪೀಸು ಏನಾಯಿತು ಎಂದು ಕೇಳಿದೆ.

“ಅಯ್ಯ, ಆ ಹಸರಂದಾ? ರಿಕ್ಷಾದಾಗ ಕುಂತ ಕೂಡ್ಲೇ ವಾಪಸ್ ಕೊಟ್ಟೀನಲ್ಲಕ್ಕಾ! ಅದನ್ನ ಯಾರು ಇಟ್ಕೋತಾರ? ಅದನ್ನ ತೊಟ್ಟು ನಿಂತ್ರ ನಮ್ಮೂರ ಎತ್ತು ಕಣ್ಣಿ ಹರ್ಕೊಂಡು ಓಡ್ತಾವ! ಯಾಕ, ಇನ್ನೂ ನಿನ್ ಹತ್ರನೇ ಅದಾ? ಪಾಪ!”

“ಏನಂದರು?” ಅಜ್ಜಿ ಕೇಳಿದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ.

“ವಾಪಸ್ ಕೊಟ್ಟೆ ಅಂತಾರೆ.”

“ಅಷ್ಟುದ್ದ ಮಾತಾಡಿದರಲ್ಲ?”

ನನ್ನ ಉಡಿಯ ಮರ್ಯಾದೆಯನ್ನು ನಾನೇ ಮರಾಠಿಗೆ ತಂದು ಕಳೆಯಬೇಕಾಯಿತು. ಎತ್ತನ್ನು ಬಿಟ್ಟುಬಿಡೋಣ ಎಂದಿದ್ದೆ, ಮಗಳು ಮೂಲೆಯಿಂದ ನೆನಪಿಸಿದಳು. ಎತ್ತನ್ನೂ ಹೇಳಿದೆ. ಅಜ್ಜಿಯ ತುಟಿ ಅದುರತೊಡಗಿತು.

ಮುಂದೆ ಫೋನ್ ಹೋದದ್ದು ಹೀಗೇ ಉಡಿ ತುಂಬಿಸಿಕೊಂಡು ಹೋಗಿದ್ದ ನಾಶಿಕದ ಕಡೆಯವಳಿಗೆ. ಆಕೆಯ ಮರಾಠಿಗೆ ನನ್ನ ಸಹಾಯ ಬೇಕಿರಲಿಲ್ಲ. ನನ್ನ ಧ್ವನಿ ಕೇಳಿದ್ದೇ ತಡ ಗಾಬರಿಯಾಗಿ, “ತಿರುಗಿ ಕಳಿಸುತ್ತಿಲ್ಲ ತಾನೆ? ಆ ಬಟ್ಟೆ ತಂದಿದ್ದರೆ ನಮ್ಮತ್ತೆ ನನ್ನನ್ನೂ ಅದರ ಜೊತೆಗೇ ಹೊರಗೆ ಹಾಕುತ್ತಿದ್ದರು,” ಎಂದಳು.

“ಅಗಂ ಬಾಯೀ!” ಎಂದು ಮರಾಠಿಯಲ್ಲಿ ಉದ್ಗರಿಸಿ ಅಜ್ಜಿ ಮೇಜಿಗೆ ಹಣೆ ಹಚ್ಚಿ ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತಮ್ಮ ಕಪಾಟಿನಲ್ಲೂ ಇಂಥದ್ದೊಂದಿದೆಯೆಂದೂ, ಅದು ಸೊಸೆಯ ತವರಿಗೆ ಹೋಗಿ ಎರಡು ಸಲ ಹಿಂದಿರುಗಿದೆಯೆಂದೂ ಹೇಳಿದರು. ಮ್ಯಾನೇಜರ್ ಮ್ಯಾಡಮ್ ಕೂಡ ತಡೆಯಲಾರದೆ ಕಂಪ್ಯೂಟರಿನ ಹಿಂದೆ ಮುಖ ಮರೆಸಿಕೊಂಡರು. ಸಾಕ್ಷಿಗಳೆಲ್ಲ ನನ್ನ ಪರವಾಗಿ ಹೇಳಿದ್ದು ಹೌದು, ಆದರೆ ನನ್ನನ್ನು ಇಷ್ಟು ಅವಮಾನ ಮಾಡಿ ಯಾರೂ ಗೆಲ್ಲಿಸಿದ್ದಿಲ್ಲ.

ಆಗ ಖಜಾಂಚಿ ಸಾಹೇಬರು ಪೆನ್ನಿನ ಮುಚ್ಚಳ ಹಾಕಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: “ಹಾಗಾದರೆ ತೊಂದರೆಯೇ ಇಲ್ಲ. ಇವರು ಯಾರಿಗೂ ಏನೂ ಕೊಟ್ಟಿಲ್ಲ. ಕೊಡಲು ಇವರ ಹತ್ತಿರ ಏನೂ ಇಲ್ಲ. ಅರ್ಹರು. ಇರಲಿ.”

ನನ್ನ ನಗು ಅಲ್ಲಿಗೆ ನಿಂತುಹೋಯಿತು. ಸಿಟ್ಟು ಮೊದಲ ಬಾರಿಗೆ ಸಿಟ್ಟಾಗಿಯೇ ಬಂತು.

“ಕೊಟ್ಟಿದ್ದೇನೆ,” ಎಂದೆ.

ನನ್ನ ಗಂಡ ಹಿಂದಿನಿಂದ ಸೆರಗು ಜಗ್ಗಿದರು. ಸುಮ್ಮನಿದ್ದಿದ್ದರೆ ಕೋಣೆ ಉಳಿಯುತ್ತಿತ್ತು, ನನಗೂ ಗೊತ್ತಿತ್ತು. ಬಾಯಿ ಕೇಳಲಿಲ್ಲ.

“ಬಟ್ಟೆ ವಾಪಸ್ ಬಂದಿರಬಹುದು. ಕೊಟ್ಟದ್ದು ಕೊಟ್ಟದ್ದೇ. ನನ್ನ ಹತ್ತಿರ ಹತ್ತು ಸೀರೆ ಇದ್ದಿದ್ದರೆ ಹತ್ತೂ ಕೊಡುತ್ತಿದ್ದೆ. ಕೊಟ್ಟರೆ ನನ್ನ ಮಗಳ ಕಾಯಿಲೆ ಕಡಿಮೆಯಾಗುತ್ತದೆಯೇ? ನಾನು ಉಡಿ ತುಂಬಿದ್ದಕ್ಕೆ ಆಸ್ಪತ್ರೆ ದೇಹೂ ರೋಡಿಗೆ ಹತ್ತಿರ ಬರುತ್ತದೆಯೇ? ಏನೂ ಇಲ್ಲದವಳು ಎಂದು ಬೇಕಾದರೆ ಹೇಳಿ, ಅದು ನಿಜ. ಕೊಡಲಾರದವಳು ಎಂದು ಮಾತ್ರ ಹೇಳಬೇಡಿ.”

ಇನ್ನೂ ಏನೇನೋ ಅಂದೆ. ಧ್ವನಿ ಒಡೆದು ಕಿರುಚಿದಂತೆ ಆಯಿತು. ಕೋಣೆ ಹೋಯಿತು ಎಂದುಕೊಂಡೆ. ಆಗ ನನ್ನ ಹಿಂದಿನಿಂದ ಒಂದು ದನಿ ಕೇಳಿತು. ನನ್ನ ಗಂಡ. ಅರ್ಧ ಹಿಂದಿ ಅರ್ಧ ಮರಾಠಿಯಲ್ಲಿ, ಕೈಕಟ್ಟಿಕೊಂಡು, ನೆಲ ನೋಡುತ್ತ ಹೇಳುತ್ತಿದ್ದರು: “ಸಾಹೇಬರೇ, ಜ್ವರ ಬಂದರೆ ನಮಗೆ ಒಂದು ತಾಸಷ್ಟೇ ಇರುವುದು. ನಾನು ಲೋಕಲಿನಲ್ಲಿ ಬಂದು ನೋಡಿದ್ದೇನೆ. ಆಗುವುದಿಲ್ಲ.”

ಆಮೇಲೆ ಅಜ್ಜಿ ಖಜಾಂಚಿಯವರ ಕಡೆ ತಿರುಗಿ, “ಇದನ್ನು ನಾವು ಮೊದಲೇ ಕೇಳಬೇಕಿತ್ತು,” ಎಂದರು. ನನ್ನ ಕಡೆ ತಿರುಗಿ, ಚಿಕಿತ್ಸೆ ಮುಗಿಯುವವರೆಗೆ ಕೋಣೆ ನಿಮ್ಮದು, ಯಾರಿಗೆ ಏನು ಬೇಕಾದರೂ ಕೊಡಿ, ಆದರೆ ಬಣ್ಣ ಸ್ವಲ್ಪ ನೋಡಿ ಎಂದರು.

ಹೊರಗೆ ಬಂದಾಗ ಮ್ಯಾನೇಜರ್ ಮ್ಯಾಡಮ್ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದರು. “ನನ್ನ ಮೇಲೆ ಸಿಟ್ಟಿರಬಹುದು. ಕೋಣೆ ಇಲ್ಲ ಎಂದು ನಾನು ಗೇಟಿನಿಂದ ವಾಪಸ್ ಕಳಿಸುವವರ ಮುಖ ನೀವು ನೋಡಿಲ್ಲ. ಯಾರನ್ನಾದರೂ ತೆಗೆದರೆ ಒಬ್ಬರಿಗೆ ಜಾಗವಾಗುತ್ತದಲ್ಲ ಎಂದು ಹುಡುಕುತ್ತಾ ಇರುತ್ತೇನೆ,” ಎಂದರು. ಸಿಟ್ಟು ಇತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಚಹಾ ಮಾಡುತ್ತೇನೆ, ಬನ್ನಿ ಎಂದೆ. ಬಂದರು.

ಮುಂದಿನ ವಾರವೇ ಮಗಳಿಗೆ ಜ್ವರ ಬಂತು. ಮಧ್ಯಾಹ್ನ ಊಟದ ಹೊತ್ತು. ಎಂದೂ ತಟ್ಟೆ ಬಿಡದವಳು ಚಪಾತಿ ದೂಡಿ ಗೋಡೆಗೆ ಒರಗಿದಳು. ಹಣೆ ಮುಟ್ಟಿದರೆ ಒಲೆಯ ಮೇಲಿನ ಹಂಚು. ಎತ್ತಿಕೊಂಡು ಓಡಿದೆ. ಅಷ್ಟು ದೊಡ್ಡ ಮಗುವನ್ನು ಹೇಗೆ ಎತ್ತಿದೆನೋ, ಮುಂದೆ ಮ್ಯಾನೇಜರ್ ಮ್ಯಾಡಮ್ ರಸ್ತೆಯ ಗಾಡಿಗಳಿಗೆ ಕೈ ಅಡ್ಡ ಹಿಡಿಯುತ್ತಾ ಓಡುತ್ತಿದ್ದದ್ದು ಮಾತ್ರ ನೆನಪಿದೆ. ಗಲ್ಲಿ ದಾಟಿದರೆ ವಾರ್ಡು. ಸೂಜಿ ಚುಚ್ಚಿದರು, ಸಲಾಯಿನ್ ಹಚ್ಚಿದರು. ಬೇಗ ಬಂದಿರಿ, ಒಳ್ಳೆಯದಾಯಿತು ಎಂದು ಡಾಕ್ಟರು ಹೇಳಿದರು. ತಡವಾಗಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಕೇಳುವ ಧೈರ್ಯವಿಲ್ಲ.

ಜ್ವರ ಇಳಿಯಲು ಎರಡು ದಿನ ಹಿಡಿಯಿತು. ಮೂರನೆಯ ಬೆಳಿಗ್ಗೆ ಅವಳು ಕಣ್ಣು ಬಿಟ್ಟು ಚಾವಣಿಯನ್ನು ನೋಡುತ್ತಾ ಮಲಗಿದ್ದಳು. ನನ್ನ ಗಂಡ ಒಂದು ಬದಿ, ನಾನು ಒಂದು ಬದಿ. ಬಹಳ ಹೊತ್ತು ಏನೋ ಲೆಕ್ಕ ಹಾಕಿದವಳಂತೆ ಇದ್ದು, ಕೇಳಿದಳು:

“ಅವ್ವಾ, ಖರೇ ಹೇಳು. ನಾವು ಬಡವರಾ?”

ನಾನು ಗಂಡನ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಅವರೇ ಹೇಳಿದರು:

“ಹೌದವ್ವಾ. ರೂಮ್ ಸಿಗೂವಷ್ಟು.”

“ಅಷ್ಟು ಸಾಕಲ್ಲ?”

“ಸಾಕು,” ಎಂದೆ. ಅಷ್ಟರಲ್ಲಿ ಮೂವರಿಗೂ ನಗು ಹತ್ತಿಕೊಂಡಿತ್ತು, ಮಂಚ ಅಲುಗಿ ಸಲಾಯಿನ್ ಬಾಟಲಿ ತೂಗಾಡತೊಡಗಿತು. ಆಚೆ ಕಡೆಯಿಂದ ನರ್ಸು ಬಂದು, ಇದೇನು ಆಸ್ಪತ್ರೆಯೋ ಸಂತೆಯೋ ಎಂದು ಬೈದರು. ಅವರು ಹೋದ ಮೇಲೆ ಮಗಳು ತನಗೆ ಹಸಿವಾಗಿದೆ ಎಂದಳು.